ಅಚ್ಚಾಗದ ಅಂಚಿನ ಬೆಲೆ: ವ್ಯಾಪಾರ ಚಿಹ್ನೆಯ ಸುತ್ತ ಪಾರದರ್ಶಕ ಜಾಗ

ದಾವಣಗೆರೆ ಮತ್ತು ಹರಿಹರದ ಮಾರುಕಟ್ಟೆಯಲ್ಲಿ ಹೆಸರಿಗೆ ಬೆಲೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಹತ್ತಿ ಗಿರಣಿಗಳ ಕಾರಣದಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ದಾವಣಗೆರೆಯಲ್ಲಿ ಬಟ್ಟೆಯ ಥಾನಿನ ಮೇಲಿನ ಗಿರಣಿಯ ಮುದ್ರೆಯೇ ಮಾಲಿನ ಗುಣಕ್ಕೆ ಸಾಕ್ಷಿಯಾಗಿತ್ತು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ತಮ್ಮ ಮೈಮೇಲಿನ ಹೆಸರಿನಿಂದಲೇ ಊರೂರುಗಳ ವರ್ಕ್‌ಶಾಪುಗಳಲ್ಲಿ ಪರಿಚಿತವಾದವು. ಆ ಕಾರ್ಖಾನೆ ಈಗಿಲ್ಲ. ಆದರೆ ಸ್ವಂತ ಹೆಸರಿನಲ್ಲಿ ಮಾಲು ಮಾರಬೇಕೆಂಬ ಹಂಬಲ ಇಂದಿನ ಸಣ್ಣ ಉದ್ಯಮಿಗಳಲ್ಲಿ ಹೆಚ್ಚುತ್ತಲೇ ಇದೆ. ಒಂದು ಕಾಲಕ್ಕೆ ಚೀಲದ ಲೆಕ್ಕದಲ್ಲಿ ಮಂಡಿಗೆ ಹೋಗುತ್ತಿದ್ದ ಮಂಡಕ್ಕಿ ಇಂದು ಬಣ್ಣದ ಪೌಚಿನಲ್ಲಿ ಅಂಗಡಿಯ ಕಪಾಟಿಗೇರಿದೆ. ಬಿಡಿಭಾಗ ತಯಾರಿಸುವ ಎಂಜಿನಿಯರಿಂಗ್ ಘಟಕವೂ ತನ್ನದೇ ಲಾಂಛನದ ರಟ್ಟಿನ ಪೆಟ್ಟಿಗೆಯಲ್ಲಿ ಮಾಲು ಕಳುಹಿಸಲು ಬಯಸುತ್ತದೆ.

ಹೀಗೆ ಸಿದ್ಧವಾದ ಲಾಂಛನವು ಒಂದೇ ಕಡೆ ಉಳಿಯುವುದಿಲ್ಲ. ಪೌಚು, ಪೆಟ್ಟಿಗೆ, ಅಂಗಡಿಯ ಫಲಕ, ಇನ್‌ವಾಯ್ಸ್, ವಾಟ್ಸ್‌ಆ್ಯಪ್, ಆನ್‌ಲೈನ್ ಮಾರಾಟದ ಪುಟ, ಟ್ರೇಡ್‌ಮಾರ್ಕ್ ಅರ್ಜಿ ಹೀಗೆ ಹತ್ತಾರು ಕಡೆ ಅದೇ ಚಿತ್ರ ಸಂಚರಿಸಬೇಕಾಗುತ್ತದೆ. ಒಂದು ಕಡೆ ಚೆನ್ನಾಗಿ ಕಂಡದ್ದು ಇನ್ನೊಂದು ಕಡೆ ಅಂಚು ಕತ್ತರಿಸಿಕೊಂಡು, ಬಿಳಿಯ ಚೌಕದೊಳಗೆ ಸಿಕ್ಕಿಕೊಂಡು, ಪಕ್ಕದ ಅಕ್ಷರಗಳಿಗೆ ಅಂಟಿಕೊಂಡು ಕಾಣುವುದು ಸಾಮಾನ್ಯ ಅನುಭವ. ಇದರ ಹೊಣೆಯನ್ನು ಮುದ್ರಕನ ಮೇಲೆ ಹಾಕುವುದು ವಾಡಿಕೆ. ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಮೂಲ ಕಡತದಲ್ಲಿಯೇ. ಚಿತ್ರದ ಸುತ್ತ ಬಿಡಬೇಕಾದ ಪಾರದರ್ಶಕ ಜಾಗವನ್ನು ಅಲ್ಲಿ ಬಿಟ್ಟಿರುವುದಿಲ್ಲ. ಮೇಲ್ನೋಟಕ್ಕೆ ಗಣಕಯಂತ್ರದ ಕೆಲಸಗಾರನಿಗೆ ಮಾತ್ರ ಸಂಬಂಧಿಸಿದಂತೆ ತೋರುವ ಈ ವಿಷಯದಲ್ಲಿ ಕಾನೂನಿನ ಪಾಲನೆಯೂ ಹಣದ ಲೆಕ್ಕವೂ ಅಡಗಿವೆ. ಆದುದರಿಂದ ವರ್ತಕರು ಇದನ್ನು ತಿಳಿದಿರುವುದು ಅಗತ್ಯ.

ಹಾಳೆ ಬೇರೆ, ಚಿತ್ರ ಬೇರೆ

ಚಿತ್ರ ತಿದ್ದುವ ಎಲ್ಲ ತಂತ್ರಾಂಶಗಳಲ್ಲಿಯೂ ಎರಡು ಅಳತೆಗಳಿರುತ್ತವೆ. ಒಂದು ಚಿತ್ರದ ಅಳತೆ, ಇನ್ನೊಂದು ಚಿತ್ರವಿರುವ ಹಾಳೆಯ ಅಳತೆ. ಮೊದಲನೆಯದನ್ನು ಇಮೇಜ್ ಸೈಜ್ ಎಂದೂ ಎರಡನೆಯದನ್ನು ಕ್ಯಾನ್ವಾಸ್ ಸೈಜ್ ಎಂದೂ ಕರೆಯುತ್ತಾರೆ. ಚಿತ್ರದ ಅಳತೆಯನ್ನು ಹೆಚ್ಚಿಸಿದರೆ ಚಿತ್ರವೇ ಹಿಗ್ಗುತ್ತದೆ. ಉದ್ದ ಅಗಲಗಳನ್ನು ಸಮಪ್ರಮಾಣದಲ್ಲಿ ಹೆಚ್ಚಿಸದಿದ್ದರೆ ದುಂಡಗಿನ ಅಕ್ಷರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಾಳೆಯ ಅಳತೆಯನ್ನು ಹೆಚ್ಚಿಸಿದರೆ ಚಿತ್ರ ಇದ್ದಂತೆಯೇ ಇದ್ದು ಅದರ ಸುತ್ತ ಹೊಸ ಜಾಗ ಮಾತ್ರ ಸೇರುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ಗಾದೆ. ಇಲ್ಲಿ ಕಾಲನ್ನು ಎಳೆಯದೆ ಹಾಸಿಗೆಯನ್ನೇ ದೊಡ್ಡದು ಮಾಡಲು ಅವಕಾಶವಿದೆ.

ಎರಕದ ಕೆಲಸ ಬಲ್ಲವರಿಗೆ ಈ ವಿಚಾರ ಹೊಸದೇನಲ್ಲ. ಬೂದು ಎರಕದ ಕಬ್ಬಿಣ ಆರುವಾಗ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಅನಂತರ ಲೇತಿನಲ್ಲಿ ಒಂದಷ್ಟು ಲೋಹವನ್ನು ಕೆತ್ತಿ ತೆಗೆಯಬೇಕಾಗುತ್ತದೆ. ಆದುದರಿಂದ ಪ್ಯಾಟರ್ನ್ ತಯಾರಿಸುವವನು ಸಿದ್ಧವಸ್ತುವಿನ ಅಳತೆಗಿಂತ ದೊಡ್ಡದಾದ ಮಾದರಿಯನ್ನೇ ಮಾಡುತ್ತಾನೆ. ಹೀಗೆ ಬಿಟ್ಟ ಅಳತೆ ಕೊನೆಯ ವಸ್ತುವಿನಲ್ಲಿ ಕಾಣುವುದಿಲ್ಲ. ಆದರೆ ಅದನ್ನು ಬಿಡದಿದ್ದರೆ ವಸ್ತುವೇ ಅಳತೆಗೆ ಬರುವುದಿಲ್ಲ. ಲಾಂಛನದ ಸುತ್ತಲಿನ ಪಾರದರ್ಶಕ ಜಾಗವೂ ಇಂತಹದೇ ಮುಂಗಾಣ್ಕೆಯ ಅಳತೆಯಾಗಿದೆ.

ಪಾರದರ್ಶಕತೆ ಎಂದರೇನು?

ಗಣಕಯಂತ್ರದ ಚಿತ್ರವು ಪಿಕ್ಸೆಲ್ ಎಂಬ ಸೂಕ್ಷ್ಮ ಚುಕ್ಕಿಗಳಿಂದಾದದ್ದು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳಿರುತ್ತವೆ. ಪಾರದರ್ಶಕತೆಯುಳ್ಳ ಚಿತ್ರದಲ್ಲಿ ಇವುಗಳ ಜೊತೆಗೆ ನಾಲ್ಕನೆಯ ಸಂಖ್ಯೆಯೊಂದು ಇರುತ್ತದೆ. ಇದಕ್ಕೆ ಆಲ್ಫಾ ಎಂದು ಹೆಸರು. ಸಾಮಾನ್ಯ ಬಳಕೆಯಲ್ಲಿ ಅದು 0ಯಿಂದ 255ರವರೆಗೆ ಇರುತ್ತದೆ. 255 ಎಂದರೆ ಚುಕ್ಕಿ ಪೂರ್ಣವಾಗಿ ಕಾಣುತ್ತದೆ, 0 ಎಂದರೆ ಅದು ಕಾಣುವುದೇ ಇಲ್ಲ, ಹಿಂದಿರುವುದೇ ಕಾಣುತ್ತದೆ. ನಡುವಿನ ಸಂಖ್ಯೆಗಳು ಅರೆಪಾರದರ್ಶಕ ಸ್ಥಿತಿಯನ್ನು ಸೂಚಿಸುತ್ತವೆ. ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಕಾಣದೆ ನುಣುಪಾಗಿ ಕಾಣುವುದು ಈ ನಡುವಿನ ಸಂಖ್ಯೆಗಳಿಂದಲೇ.

ಈ ನಾಲ್ಕನೆಯ ಸಂಖ್ಯೆಯನ್ನು ಎಲ್ಲ ಬಗೆಯ ಕಡತಗಳೂ ಉಳಿಸಿಕೊಳ್ಳುವುದಿಲ್ಲ. ಕ್ಯಾಮೆರಾ ಮತ್ತು ಮೊಬೈಲುಗಳಲ್ಲಿ ಬಳಕೆಯಲ್ಲಿರುವ ಜೆಪಿಜಿ ಬಗೆಯಲ್ಲಿ ಪಾರದರ್ಶಕತೆಗೆ ಅವಕಾಶವೇ ಇಲ್ಲ. ಖಾಲಿ ಜಾಗವನ್ನು ಯಾವುದಾದರೊಂದು ಬಣ್ಣದಿಂದ, ಸಾಮಾನ್ಯವಾಗಿ ಬಿಳಿಯಿಂದ, ತುಂಬಲೇಬೇಕಾಗುತ್ತದೆ. 1987ರಲ್ಲಿ ಬಂದ ಜಿಫ್ ಬಗೆಗೆ 1989ರ ಪರಿಷ್ಕರಣೆಯಲ್ಲಿ ಪಾರದರ್ಶಕತೆ ಸೇರಿತಾದರೂ ಅದರಲ್ಲಿ ಚುಕ್ಕಿ ಪೂರ್ತಿ ಕಾಣಬೇಕು ಇಲ್ಲವೇ ಪೂರ್ತಿ ಮರೆಯಾಗಬೇಕು, ನಡುವಣ ಸ್ಥಿತಿಯಿಲ್ಲ. ಮೇಲಾಗಿ ಜಿಫ್ ಕಡತವನ್ನು ಕಿರಿದುಗೊಳಿಸುವ ವಿಧಾನದ ಮೇಲೆ ಅಮೆರಿಕದ ಯೂನಿಸಿಸ್ ಕಂಪೆನಿಗೆ ಪೇಟೆಂಟ್ ಇದ್ದು, ಅದರ ಶುಲ್ಕದ ವಿವಾದ ಎದ್ದಿತು. ಇದಕ್ಕೆ ಪರ್ಯಾಯವಾಗಿ ಯಾರ ಪೇಟೆಂಟಿಗೂ ಒಳಪಡದಂತೆ ರೂಪುಗೊಂಡದ್ದೇ 1996ರಲ್ಲಿ ಪ್ರಕಟವಾದ ಪಿಎನ್‌ಜಿ ಬಗೆ. ಲಾಂಛನಕ್ಕೆ ಇಂದು ಸಾಮಾನ್ಯವಾಗಿ ಬಳಸುವ ಬಗೆ ಇದೇ ಆಗಿದೆ.

ಮಾಡುವ ಕ್ರಮ

1990ರಲ್ಲಿ ಬಿಡುಗಡೆಯಾದ ಅಡೋಬಿ ಫೋಟೋಶಾಪ್ ಹೆಚ್ಚಿನ ಡಿಟಿಪಿ ಕೇಂದ್ರಗಳಿಗೆ ಪರಿಚಿತವಾದ ತಂತ್ರಾಂಶ. 1996ರಲ್ಲಿ ಮೊದಲು ಹೊರಬಂದ ಜಿಂಪ್ ಉಚಿತವಾಗಿ ದೊರೆಯುತ್ತದೆ. ಪರವಾನಗಿ ಶುಲ್ಕವಿಲ್ಲದ ಕಾರಣ ಸಣ್ಣ ಘಟಕಗಳಿಗೆ ಅನುಕೂಲಕರ. ಎರಡರಲ್ಲಿಯೂ ಕೆಲಸದ ಕ್ರಮ ಒಂದೇ ರೀತಿಯದು.

1. ಚಿತ್ರವನ್ನು ತೆರೆದೊಡನೆ ಅದರ ಪದರವನ್ನು ಗಮನಿಸಬೇಕು. ಫೋಟೋಶಾಪಿನಲ್ಲಿ ಜೆಪಿಜಿ ಚಿತ್ರವು ಬ್ಯಾಕ್‌ಗ್ರೌಂಡ್ ಎಂಬ ಬೀಗ ಹಾಕಿದ ಪದರವಾಗಿ ತೆರೆದುಕೊಳ್ಳುತ್ತದೆ. ಈ ಪದರಕ್ಕೆ ಪಾರದರ್ಶಕತೆ ಇರಲಾರದು. ಅದರ ಮೇಲೆ ಎರಡು ಬಾರಿ ಒತ್ತಿ ಸಾಮಾನ್ಯ ಪದರವಾಗಿ ಪರಿವರ್ತಿಸಬೇಕು. ಜಿಂಪ್‌ನಲ್ಲಿ ಲೇಯರ್ ಪಟ್ಟಿಯ ಟ್ರಾನ್ಸ್‌ಪರೆನ್ಸಿ ವಿಭಾಗದಲ್ಲಿ ಆ್ಯಡ್ ಆಲ್ಫಾ ಚಾನೆಲ್ ಎಂಬುದನ್ನು ಆರಿಸಬೇಕು. ಈ ಮೊದಲ ಹೆಜ್ಜೆ ತಪ್ಪಿದರೆ ಹೊಸ ಜಾಗವು ಪಾರದರ್ಶಕವಾಗುವ ಬದಲು ಬಣ್ಣದಿಂದ ತುಂಬಿಕೊಳ್ಳುತ್ತದೆ.

2. ಲಾಂಛನದ ಹಿಂದೆ ಬಿಳಿಯ ಹಿನ್ನೆಲೆ ಮೊದಲೇ ಇದ್ದರೆ ಅದನ್ನು ತೆಗೆದುಹಾಕಬೇಕು. ಹಾಳೆಯನ್ನು ಹಿಗ್ಗಿಸಿದ ಮಾತ್ರಕ್ಕೆ ಹಳೆಯ ಬಿಳಿ ಚೌಕ ಮಾಯವಾಗುವುದಿಲ್ಲ. ಒಂದೇ ಒತ್ತಿನಿಂದ ಬಿಳಿಯನ್ನು ಅಳಿಸಿದರೆ ಅಕ್ಷರಗಳ ಸುತ್ತ ತೆಳುವಾದ ಬಿಳಿ ಗೆರೆ ಉಳಿಯುವುದುಂಟು. ಕೆಂಪು ಅಥವಾ ಹಸಿರು ಪೌಚಿನ ಮೇಲೆ ಅದು ಎದ್ದು ಕಾಣುತ್ತದೆ. ಇಂತಹ ಸಂದರ್ಭದಲ್ಲಿ ಲಾಂಛನವನ್ನು ಕೋರಲ್ ಡ್ರಾದಂತಹ ರೇಖಾಚಿತ್ರದ ತಂತ್ರಾಂಶದಲ್ಲಿ ಹೊಸದಾಗಿ ಬರೆಸುವುದೇ ಲೇಸು.

3. ಇಮೇಜ್ ಪಟ್ಟಿಯಲ್ಲಿ ಕ್ಯಾನ್ವಾಸ್ ಸೈಜ್ ಆರಿಸಿ ಹೊಸ ಅಗಲ, ಎತ್ತರಗಳನ್ನು ನೀಡಬೇಕು. ಚಿತ್ರವನ್ನು ನಡುವೆ ನಿಲ್ಲಿಸುವ ಸೂಚನೆಯನ್ನು ಅಲ್ಲಿಯೇ ಕೊಡಬೇಕು. ಜಿಂಪ್‌ನಲ್ಲಿ ಪದರಗಳನ್ನೂ ಹಾಳೆಯ ಅಳತೆಗೆ ಹಿಗ್ಗಿಸುವ ಆಯ್ಕೆಯಿದೆ. ಸುತ್ತಲಿನ ಹೊಸ ಜಾಗದಲ್ಲಿ ಬೂದು-ಬಿಳಿ ಚೌಕಳಿ ಕಂಡರೆ ಅದು ಪಾರದರ್ಶಕವಾಗಿದೆ ಎಂದರ್ಥ. ಈ ಚೌಕಳಿ ಪರದೆಯ ಮೇಲಿನ ಸೂಚನೆ ಮಾತ್ರ, ಮುದ್ರಣದಲ್ಲಿ ಬರುವುದಿಲ್ಲ.

4. ಪದರಗಳಿರುವ ಮೂಲ ಕಡತವನ್ನು ಬೇರೆಯಾಗಿ ಉಳಿಸಿ, ಬಳಕೆಗಾಗಿ ಪಿಎನ್‌ಜಿ ಪ್ರತಿಯನ್ನು ತೆಗೆಯಬೇಕು. ಈ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಪಾರದರ್ಶಕತೆ ನಷ್ಟವಾಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಮುದ್ರಕನಿಗೆ ಕಳುಹಿಸುವಾಗ ಈ ಒಂದು ಎಚ್ಚರಿಕೆ ಎಷ್ಟೋ ತೊಂದರೆಯನ್ನು ತಪ್ಪಿಸುತ್ತದೆ.

ಎಷ್ಟು ಜಾಗ ಬಿಡಬೇಕು?

ಇದನ್ನು ಅಂದಾಜಿಗೆ ಬಿಡದೆ ಲೆಕ್ಕದಿಂದ ನಿರ್ಧರಿಸುವುದು ಸೂಕ್ತ. ವಾಟ್ಸ್‌ಆ್ಯಪ್ ಬಿಸಿನೆಸ್ 2018ರಲ್ಲಿ ಬಂದ ಮೇಲೆ ಅದರ ಪ್ರೊಫೈಲ್ ಚಿತ್ರವೇ ಅನೇಕ ಅಂಗಡಿಗಳ ನಾಮಫಲಕದಂತಾಗಿದೆ. ಆ ಚಿತ್ರವು ವೃತ್ತಾಕಾರದಲ್ಲಿ ಕಾಣುತ್ತದೆ, ಮೂಲೆಗಳು ಮರೆಯಾಗುತ್ತವೆ. 800 ಚುಕ್ಕಿ ಅಗಲ, 600 ಚುಕ್ಕಿ ಎತ್ತರವಿರುವ ಆಯತಾಕಾರದ ಲಾಂಛನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಕರ್ಣದ ಅಳತೆ 800ರ ವರ್ಗ ಮತ್ತು 600ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ 1000. ಆದುದರಿಂದ ಈ ಲಾಂಛನ ಪೂರ್ತಿಯಾಗಿ ಕಾಣಬೇಕಾದರೆ ವೃತ್ತದ ವ್ಯಾಸ ಕನಿಷ್ಠ 1000 ಚುಕ್ಕಿ ಇರಬೇಕು. ಹಾಳೆಯನ್ನು 1000ಕ್ಕೆ 1000 ಮಾಡಿದರೆ ಎಡಬಲಗಳಲ್ಲಿ ತಲಾ 100, ಮೇಲೆ ಕೆಳಗೆ ತಲಾ 200 ಚುಕ್ಕಿಗಳ ಜಾಗ ಸೇರುತ್ತದೆ. ಆದರೆ ನಾಲ್ಕು ಮೂಲೆಗಳೂ ವೃತ್ತಕ್ಕೆ ತಾಗುತ್ತವೆ. 1200ಕ್ಕೆ 1200 ಮಾಡಿದರೆ ಎಡಬಲ ತಲಾ 200, ಮೇಲೆ ಕೆಳಗೆ ತಲಾ 300 ಚುಕ್ಕಿ ದೊರೆತು ಲಾಂಛನ ಹಾಯಾಗಿ ಕೂರುತ್ತದೆ. ಈ ಪ್ರೊಫೈಲ್ ಚಿತ್ರಕ್ಕೆ ಮಾತ್ರ ಜಾಗವನ್ನು ಬಿಳಿ ಅಥವಾ ಸಂಸ್ಥೆಯ ಬಣ್ಣದಿಂದ ತುಂಬಿದ ಪ್ರತಿಯನ್ನು ಬಳಸುವುದು ಕ್ಷೇಮ.

ಜಾಗ ಹೆಚ್ಚಾದರೆ ಒಳ್ಳೆಯದು ಎಂದು ಭಾವಿಸುವಂತೆಯೂ ಇಲ್ಲ. ಅಮೆಜಾನ್ ಮಾರಾಟ ಪುಟದ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ, ಅಂದರೆ ಮೂರು ಬಣ್ಣಗಳೂ 255 ಇರಬೇಕೆಂಬ ನಿಯಮವಿದೆ; ಚೌಕಟ್ಟಿನ ಶೇಕಡ 85ರಷ್ಟನ್ನು ಮಾಲು ತುಂಬಿರಬೇಕು; ಗಿರಾಕಿ ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕಾದರೆ ಉದ್ದದ ಬದಿ 1000 ಚುಕ್ಕಿಗಾದರೂ ಇರಬೇಕು. 1000 ಚುಕ್ಕಿಯ ಚೌಕದಲ್ಲಿ ಮಾಲಿನ ಉದ್ದ 850 ಚುಕ್ಕಿ ಎಂದಾದರೆ ಎರಡು ತುದಿಗಳಲ್ಲಿ ತಲಾ 75 ಚುಕ್ಕಿ ಉಳಿಯುತ್ತದೆ. ಲಾಂಛನಕ್ಕೆ ಬೇಕಾದ ಅಂಚು ಬೇರೆ, ಮಾಲಿನ ಚಿತ್ರಕ್ಕೆ ಬೇಕಾದ ಅಂಚು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪಾರದರ್ಶಕ ಅಂಚು ಕಣ್ಣಿಗೆ ಕಾಣದ ಕಾರಣ ಮುಂದಿನ ಕೆಲಸಗಾರ ಅದನ್ನು ವ್ಯರ್ಥವೆಂದು ತಿಳಿದು ಕತ್ತರಿಸಿಬಿಡುವ ಸಂಭವವಿರುತ್ತದೆ. ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇದ್ದರಂತೂ ನಡುವೆ ಕೂರಿಸಿದ ಲಾಂಛನ ಒಂದು ಕಡೆಗೆ ಸರಿದಂತೆ ಕಾಣುತ್ತದೆ. ಆದುದರಿಂದ ನಿಯಮವನ್ನು ಬರಹದಲ್ಲಿ ಕೊಡುವುದು ಒಳಿತು. ಲಾಂಛನದ ದೊಡ್ಡ ಅಕ್ಷರದ ಎತ್ತರದ ಅರ್ಧದಷ್ಟು ಜಾಗ ನಾಲ್ಕೂ ಕಡೆ ಖಾಲಿ ಇರಬೇಕು ಎಂಬಂತೆ ಲಾಂಛನದಿಂದಲೇ ಅಳತೆಯನ್ನು ತೆಗೆದುಕೊಂಡರೆ, ವಿಸಿಟಿಂಗ್ ಕಾರ್ಡಿಗೂ ಅಂಗಡಿಯ ಫಲಕಕ್ಕೂ ಅದೇ ನಿಯಮ ಅನ್ವಯಿಸುತ್ತದೆ.

ಕಾನೂನೇ ಕೇಳುವ ಖಾಲಿ ಜಾಗ

ಲಾಂಛನದ ಸುತ್ತ ಜಾಗ ಬಿಡುವುದು ಮಾಲೀಕನ ಇಚ್ಛೆ. ಪೊಟ್ಟಣದ ಮೇಲಿನ ಕೆಲವು ವಿವರಗಳ ಸುತ್ತ ಜಾಗ ಬಿಡುವುದು ಕಾನೂನಿನ ಆದೇಶ. ಈ ವ್ಯತ್ಯಾಸವನ್ನು ಪೌಚು ವಿನ್ಯಾಸ ಮಾಡಿಸುವ ಹಂತದಲ್ಲಿಯೇ ಗಮನಿಸಬೇಕು.

2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು ಮಾಪನ ಪೊಟ್ಟಣ ಸಾಮಗ್ರಿಗಳ ನಿಯಮಗಳು ಈ ವಿಷಯದಲ್ಲಿ ನಿಖರವಾಗಿವೆ. ನಿವ್ವಳ ತೂಕದ ಘೋಷಣೆಯ ಮೇಲೆ ಮತ್ತು ಕೆಳಗೆ ಅಂಕಿಯ ಎತ್ತರಕ್ಕೆ ಸಮನಾದಷ್ಟು, ಎಡ ಮತ್ತು ಬಲಕ್ಕೆ ಅಂಕಿಯ ಎತ್ತರದ ಎರಡು ಪಟ್ಟಿನಷ್ಟು ಜಾಗದಲ್ಲಿ ಬೇರೆ ಯಾವ ಮುದ್ರಿತ ಮಾಹಿತಿಯೂ ಇರಕೂಡದು. ಅಂಕಿಯನ್ನು 4 ಮಿಲಿಮೀಟರ್ ಎತ್ತರಕ್ಕೆ ಮುದ್ರಿಸಿದರೆ ಮೇಲೆ ಕೆಳಗೆ ತಲಾ 4 ಮಿಲಿಮೀಟರ್, ಎಡಬಲಕ್ಕೆ ತಲಾ 8 ಮಿಲಿಮೀಟರ್ ಖಾಲಿ ಇರಬೇಕಾಗುತ್ತದೆ. ಅಂಕಿಗಳ ಬಣ್ಣ ಹಿನ್ನೆಲೆಗೆ ಎದ್ದು ಕಾಣುವಂತೆ ಭಿನ್ನವಾಗಿರಬೇಕೆಂದೂ ನಿಯಮಗಳು ಹೇಳುತ್ತವೆ. ಮಂಡಕ್ಕಿ ಉದ್ಯಮಿಗಳಿಗೆ ಇದು ದೂರದ ಮಾತಲ್ಲ. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ ಮಂಡಕ್ಕಿ 2022ರ ಜುಲೈ 18ರಂದು ಶೇಕಡ 5ರ ಜಿ.ಎಸ್.ಟಿ. ವ್ಯಾಪ್ತಿಗೆ ಬಂದಿತು. ಯಾವುದು ಇಂತಹ ಪೊಟ್ಟಣ ಎಂಬುದನ್ನು ನಿರ್ಧರಿಸಲು ತೆರಿಗೆ ಅಧಿಸೂಚನೆಯು ಆಶ್ರಯಿಸಿದ್ದು ಇದೇ ಕಾನೂನು ಮಾಪನ ಕಾಯ್ದೆಯ ಘೋಷಣೆಗಳನ್ನು. ಅಲ್ಲಿಂದ ಲೇಬಲ್ ಎಂಬುದು ಜಾಹೀರಾತಿನ ವಿಷಯವಾಗಿ ಮಾತ್ರ ಉಳಿಯದೆ ತೆರಿಗೆಯ ವಿಷಯವೂ ಆಯಿತು.

ಆಹಾರ ಪದಾರ್ಥಗಳ ಪೊಟ್ಟಣದ ಮೇಲಿನ ಸಸ್ಯಾಹಾರ ಚಿಹ್ನೆಗೂ ಅಳತೆಯ ಕಟ್ಟುಪಾಡಿದೆ. ಹಸಿರು ಗೆರೆಯ ಚೌಕದ ಬದಿಯು ಒಳಗಿನ ಹಸಿರು ವೃತ್ತದ ವ್ಯಾಸದ ಎರಡು ಪಟ್ಟಿರಬೇಕು. ಅಂದರೆ ಒಳಗಿನ ಖಾಲಿ ಜಾಗವೂ ಚಿಹ್ನೆಯ ಭಾಗವೇ. ಚಿಹ್ನೆಯು ಭಿನ್ನ ಬಣ್ಣದ ಹಿನ್ನೆಲೆಯ ಮೇಲಿರಬೇಕು. ಹಸಿರು ಪೌಚಿನ ಮೇಲೆ ಈ ಚಿಹ್ನೆಯನ್ನು ಪಾರದರ್ಶಕ ಹಿನ್ನೆಲೆಯೊಂದಿಗೆ ಹಾಕಿದರೆ ನಿಯಮದ ಉದ್ದೇಶವೇ ವಿಫಲವಾಗುತ್ತದೆ. ಅಲ್ಲಿ ಬಿಳಿ ಹಿನ್ನೆಲೆ ಅವಶ್ಯ.

ಯಂತ್ರ ಓದುವ ಗುರುತುಗಳ ವಿಷಯದಲ್ಲಿ ಖಾಲಿ ಜಾಗದ ಮಹತ್ವ ಇನ್ನೂ ಹೆಚ್ಚು. ಸೂಪರ್ ಮಾರ್ಕೆಟ್ಟಿಗೆ ಮಾಲು ಕೊಡಲು ಬೇಕಾಗುವ 13 ಅಂಕಿಯ ಬಾರ್‌ಕೋಡ್ ಪೂರ್ಣ ಅಳತೆಯಲ್ಲಿ 37.29 ಮಿಲಿಮೀಟರ್ ಅಗಲವಿರುತ್ತದೆ. ಇದರಲ್ಲಿ ಗೆರೆಗಳು ಆವರಿಸುವುದು 31.35 ಮಿಲಿಮೀಟರ್ ಮಾತ್ರ. ಉಳಿದ 5.94 ಮಿಲಿಮೀಟರ್ ಖಾಲಿ ಜಾಗ, ಎಡಕ್ಕೆ 3.63, ಬಲಕ್ಕೆ 2.31. ಗೆರೆಗಳ ಸಾಲು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತು ಎಂಬುದನ್ನು ಸ್ಕ್ಯಾನರ್ ತಿಳಿಯುವುದು ಈ ಬಿಳಿಯ ಅಂಚಿನಿಂದಲೇ. ಕೆಲವು ಬಾರ್‌ಕೋಡುಗಳ ಬಲ ತುದಿಯಲ್ಲಿ ಕಾಣುವ ಬಾಣದ ತುದಿಯಂತಹ ಗುರುತು ಆ ಜಾಗವನ್ನು ಯಾರೂ ಆಕ್ರಮಿಸಬಾರದೆಂಬ ಸೂಚನೆಯಾಗಿದೆ. ಪೌಚಿನಲ್ಲಿ ಜಾಗ ಸಾಲದೆಂದು ವಿನ್ಯಾಸಕನು ಈ ಅಂಚನ್ನು ಕತ್ತರಿಸಿದರೆ ಗಲ್ಲಾ ಕೌಂಟರಿನಲ್ಲಿ ಮಾಲು ಓದಿಸಿಕೊಳ್ಳದೆ ಹಿಂದಿರುಗುತ್ತದೆ.

ಕ್ಯೂಆರ್ ಕೋಡಿನ ರೀತಿಯೂ ಇದೇ. ಜಪಾನಿನ ಡೆನ್ಸೊ ವೇವ್ ಕಂಪೆನಿ 1994ರಲ್ಲಿ ರೂಪಿಸಿದ ಈ ಗುರುತಿನ ನಾಲ್ಕೂ ಕಡೆ ನಾಲ್ಕು ಮನೆಗಳಷ್ಟು ಅಗಲದ ಖಾಲಿ ಅಂಚು ಇರಬೇಕೆಂಬುದು ಅಂತರರಾಷ್ಟ್ರೀಯ ಮಾನಕ. ಸಾಲಿಗೆ 25 ಮನೆಗಳಿರುವ ಕೋಡನ್ನು 25 ಮಿಲಿಮೀಟರ್ ಅಗಲಕ್ಕೆ ಮುದ್ರಿಸಿದರೆ ಒಂದು ಮನೆ 1 ಮಿಲಿಮೀಟರ್. ಅಂಚು ತಲಾ 4 ಮಿಲಿಮೀಟರ್. ಒಟ್ಟು 33 ಮಿಲಿಮೀಟರ್ ಚೌಕದ ಜಾಗ ಬೇಕು. ಅಂಗಡಿಯ ಮೇಜಿನ ಮೇಲಿನ ಯುಪಿಐ ಫಲಕಕ್ಕೂ ಇ-ಇನ್‌ವಾಯ್ಸಿನ ಕ್ಯೂಆರ್ ಕೋಡಿಗೂ ಇದು ಅನ್ವಯಿಸುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳಿಗೆ 2023ರ ಆಗಸ್ಟ್ 1ರಿಂದ ಇತರ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟದಲ್ಲಿ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಇನ್‌ವಾಯ್ಸಿನ ತಲೆಭಾಗದಲ್ಲಿ ಲಾಂಛನ, ವಿಳಾಸ, ಕೋಡು ಮೂರನ್ನೂ ಒತ್ತೊತ್ತಾಗಿ ತುರುಕಿದರೆ ತೊಂದರೆಗೊಳಗಾಗುವುದು ಕೋಡೇ.

ಪಾರದರ್ಶಕವೆಂದರೆ ಬಿಳಿಯಲ್ಲ

ಪರದೆಯ ಮೇಲೆ ಪಾರದರ್ಶಕ ಚಿತ್ರವನ್ನು ಬಿಳಿ ಹಾಳೆಯ ಮೇಲೆ ನೋಡಿ ನೋಡಿ, ಪಾರದರ್ಶಕವೆಂದರೆ ಬಿಳಿಯೆಂಬ ಭ್ರಮೆ ಬೆಳೆಯುತ್ತದೆ. ಪೌಚಿನ ಮುದ್ರಣದಲ್ಲಿ ಈ ಭ್ರಮೆ ದುಬಾರಿಯಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬಿಳಿ ಎಂಬುದು ತಾನಾಗಿಯೇ ಇರುವುದಿಲ್ಲ. ಬಿಳಿಯ ಇಂಕನ್ನೂ ಪ್ರತ್ಯೇಕವಾಗಿ ಮುದ್ರಿಸಬೇಕು. ಗ್ರಾವ್ಯೂರ್ ವಿಧಾನದಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕಾಗುತ್ತದೆ, ಬಿಳಿಗೂ ಒಂದು. ವಿನ್ಯಾಸದಲ್ಲಿ ಪಾರದರ್ಶಕವಾಗಿ ಉಳಿದ ಜಾಗ ಪೌಚಿನಲ್ಲಿ ಗಾಜಿನ ಕಿಟಕಿಯಂತಾಗಿ ಒಳಗಿನ ಮಾಲು ಕಾಣುತ್ತದೆ. ಒಳಗಿನ ಮಂಡಕ್ಕಿ ಕಾಣಲೆಂದು ಬೇಕೆಂದೇ ಬಿಟ್ಟ ಕಿಟಕಿಯಾದರೆ ಸರಿ. ಲಾಂಛನದ ಹಿಂದೆ, ಬಾರ್‌ಕೋಡಿನ ಅಂಚಿನಲ್ಲಿ, ತೂಕದ ಘೋಷಣೆಯ ಹಿಂದೆ ಅಂತಹ ಕಿಟಕಿ ಉಂಟಾದರೆ ಅಕ್ಷರಗಳು ಮಾಲಿನ ಬಣ್ಣದಲ್ಲಿ ಮುಳುಗುತ್ತವೆ, ಸ್ಕ್ಯಾನರ್ ಸೋಲುತ್ತದೆ.

ಒಮ್ಮೆ ಕೆತ್ತಿಸಿದ ಸಿಲಿಂಡರನ್ನು ತಿದ್ದುವುದು ಸುಲಭವಲ್ಲ, ಮುದ್ರಿಸಿದ ಫಿಲ್ಮನ್ನು ಮರಳಿ ಪಡೆಯುವಂತಿಲ್ಲ. ಸಣ್ಣ ಉದ್ಯಮಿಗೆ ದರ ಕಡಿಮೆಯಾಗಲೆಂದು ಒಂದೇ ಬಾರಿಗೆ ತಿಂಗಳುಗಳ ಪೌಚು ಮಾಡಿಸುವುದು ರೂಢಿ. ಆದುದರಿಂದ ತಪ್ಪಿದ ಅಂಚು ಒಂದು ಪೌಚಿಗೆ ನಿಲ್ಲದೆ ದಾಸ್ತಾನಿಗೆಲ್ಲ ವ್ಯಾಪಿಸುತ್ತದೆ. ಮುದ್ರಣಕ್ಕೆ ಒಪ್ಪಿಗೆ ಕೊಡುವ ಮೊದಲು ಲಾಂಛನವನ್ನು ಬಿಳಿ, ಕಪ್ಪು, ಸಂಸ್ಥೆಯ ಬಣ್ಣ ಹೀಗೆ ಮೂರು ಹಿನ್ನೆಲೆಗಳ ಮೇಲಿಟ್ಟು ನೋಡುವುದು, ಬಾರ್‌ಕೋಡನ್ನು ಪ್ರೂಫ್ ಹಾಳೆಯಲ್ಲಿಯೇ ಸ್ಕ್ಯಾನ್ ಮಾಡಿಸುವುದು, ತೂಕದ ಅಂಕಿಯ ಸುತ್ತಲಿನ ಜಾಗವನ್ನು ಸ್ಕೇಲಿನಿಂದ ಅಳೆಯುವುದು ಹೆಚ್ಚು ಸಮಯದ ಕೆಲಸಗಳಲ್ಲ.

ಟ್ರೇಡ್‌ಮಾರ್ಕ್ ಅರ್ಜಿ ಮತ್ತು ಒಡೆತನದ ಪ್ರಶ್ನೆ

2017ರ ಟ್ರೇಡ್‌ಮಾರ್ಕ್ ನಿಯಮಗಳ ಪ್ರಕಾರ ಅರ್ಜಿಯಲ್ಲಿನ ಚಿಹ್ನೆಯ ಚಿತ್ರ 8 ಸೆಂಟಿಮೀಟರ್‌ಗೆ 8 ಸೆಂಟಿಮೀಟರ್ ಮೀರಬಾರದು, ಸ್ಪಷ್ಟವಾಗಿ ಓದುವಂತಿರಬೇಕು. ಇಂಚಿಗೆ 300 ಚುಕ್ಕಿಗಳ ಲೆಕ್ಕದಲ್ಲಿ ಇದು ಸುಮಾರು 945 ಚುಕ್ಕಿಗಳಾಗುತ್ತದೆ. ಇಲ್ಲಿ ವಾಟ್ಸ್‌ಆ್ಯಪ್‌ಗೆಂದು ಮಾಡಿದ ದೊಡ್ಡ ಅಂಚಿನ ಚಿತ್ರವನ್ನೇ ಸಲ್ಲಿಸಿದರೆ ಅಂಚು ಜಾಗವನ್ನು ನುಂಗಿ ಲಾಂಛನ ಕುಗ್ಗುತ್ತದೆ, ಸಣ್ಣ ಅಕ್ಷರಗಳು ಮಸುಕಾಗುತ್ತವೆ. ನೋಂದಣಿಗೆ ಬಿಳಿ ಹಿನ್ನೆಲೆಯ, ಕಿರಿದಾದ ಅಂಚಿನ ಪ್ರತಿಯೇ ಯೋಗ್ಯ. ಬಣ್ಣದ ಮಿತಿಯಿಲ್ಲದೆ ನೋಂದಾಯಿಸಿದ ಚಿಹ್ನೆಯು ಎಲ್ಲ ಬಣ್ಣಗಳಿಗೂ ನೋಂದಣಿಯಾದಂತೆ ಎಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 10ನೆಯ ಕಲಮು ಹೇಳುತ್ತದೆ. ಆದುದರಿಂದ ಕಪ್ಪು ಬಿಳುಪಿನ ಪ್ರತಿಯನ್ನೂ ಮೂಲ ಕಡತದೊಂದಿಗೆ ಇರಿಸಿಕೊಳ್ಳುವುದು ಉಪಯುಕ್ತ. ಮಂಡಕ್ಕಿ 30ನೆಯ ವರ್ಗಕ್ಕೂ ಲೇತ್ ಮುಂತಾದ ಯಂತ್ರೋಪಕರಣಗಳು 7ನೆಯ ವರ್ಗಕ್ಕೂ ಸೇರುತ್ತವೆ. 2017ರ ನಿಯಮಗಳಲ್ಲಿ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ ಶುಲ್ಕ ನಿಗದಿಯಾಯಿತು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಕಡತ ಯಾರದು ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಲಾಂಛನ ಬರೆಸಿ ಹಣ ಕೊಟ್ಟೊಡನೆ ಅದು ತನ್ನದಾಯಿತೆಂದು ವರ್ತಕರು ಭಾವಿಸುತ್ತಾರೆ. ಚಿತ್ರಕಾರನು ಸಂಸ್ಥೆಯ ನೌಕರನಾಗಿದ್ದು ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ ಮೇರೆಗೆ ಮಾಲೀಕನೇ ಅದರ ಮೊದಲ ಒಡೆಯ. ಹೊರಗಿನ ಸ್ವತಂತ್ರ ವಿನ್ಯಾಸಕನು ಬರೆದ ಲಾಂಛನದ ವಿಷಯದಲ್ಲಿ ಹೀಗೆ ನಿಶ್ಚಿಂತೆಯಿಂದ ಇರಲಾಗದು. ಹಕ್ಕಿನ ವರ್ಗಾವಣೆ ಸಹಿ ಮಾಡಿದ ಬರಹದಲ್ಲಿಯೇ ಇರಬೇಕು; ಅವಧಿಯನ್ನು ಬರೆಯದಿದ್ದರೆ ಅದು 5 ವರ್ಷ ಮಾತ್ರ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಅದೇ ಕಾಯ್ದೆಯ 19ನೆಯ ಕಲಮು ವಿಧಿಸುತ್ತದೆ. ಆದುದರಿಂದ ಬಿಲ್ಲು ಪಾವತಿಸುವಾಗಲೇ ಎರಡು ವಸ್ತುಗಳನ್ನು ಪಡೆಯಬೇಕು: ಅವಧಿ ಮತ್ತು ಪ್ರದೇಶವನ್ನು ನಮೂದಿಸಿದ ವರ್ಗಾವಣೆ ಪತ್ರ ಹಾಗೂ ಪದರಗಳಿರುವ ಮೂಲ ಕಡತ. ಮೂಲ ಕಡತವಿಲ್ಲದೆ ಜೆಪಿಜಿ ಮಾತ್ರ ಕೈಯಲ್ಲಿದ್ದರೆ ಅಂಚನ್ನು ಬದಲಿಸಬೇಕಾದಾಗಲೆಲ್ಲ ಅದೇ ವಿನ್ಯಾಸಕನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಒಂದು ಮಾತು ಗಮನಾರ್ಹ. ಸಂಸ್ಥೆಯು ತಾನೇ ಬೆಳೆಸಿದ ಬ್ರಾಂಡನ್ನು ಅಗೋಚರ ಆಸ್ತಿಯೆಂದು ತೋರಿಸುವಂತಿಲ್ಲವೆಂಬುದು 26ನೆಯ ಲೆಕ್ಕಪತ್ರ ಮಾನಕದ ನಿಯಮ. ಅಂದರೆ ಹಲವು ವರ್ಷಗಳ ದುಡಿಮೆಯಿಂದ ಗಳಿಸಿದ ಹೆಸರು ಆಸ್ತಿ-ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಪಟ್ಟಿಯಲ್ಲಿರುವ ಯಂತ್ರಕ್ಕೆ ವಿಮೆ, ದಾಸ್ತಾನಿಗೆ ಬೀಗ, ನಗದಿಗೆ ತಿಜೋರಿ ಇರುತ್ತದೆ. ಪಟ್ಟಿಯಲ್ಲಿಲ್ಲದ ಹೆಸರಿನ ಮೂಲ ಕಡತ ಮಾತ್ರ ಯಾರದೋ ಹಳೆಯ ಗಣಕಯಂತ್ರದಲ್ಲಿ ಉಳಿದಿರುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಲಾಂಛನದ ಮೂಲ ಕಡತ, ಪಾರದರ್ಶಕ ಅಂಚಿನ ಪಿಎನ್‌ಜಿ ಪ್ರತಿ, ಬಿಳಿ ಹಿನ್ನೆಲೆಯ ಜೆಪಿಜಿ ಪ್ರತಿ, ಕಪ್ಪು ಬಿಳುಪಿನ ಪ್ರತಿ, ಅಂಚಿನ ಅಳತೆಯನ್ನು ಬರೆದ ಒಂದು ಪುಟದ ಸೂಚನೆ ಇವಿಷ್ಟನ್ನು ವರ್ಗಾವಣೆ ಪತ್ರದೊಂದಿಗೆ ಎರಡು ಕಡೆ ಜೋಪಾನವಾಗಿರಿಸಿದರೆ ಸಾಕು. ಮುಂದೆ ಯಾವ ಮುದ್ರಕನ ಬಳಿಗೆ ಹೋದರೂ, ಯಾವ ಹೊಸ ಮಾರಾಟ ಪುಟ ಬಂದರೂ ಅದೇ ಮೂಲದಿಂದ ಬೇಕಾದ ಪ್ರತಿಯನ್ನು ತೆಗೆಯಬಹುದು. ಹೊಸ ಪೌಚಿಗೆ ಆರ್ಡರು ಕೊಡುವ ಮುನ್ನ ಈ ಕಡತಗಳು ತಮ್ಮ ಕೈಯಲ್ಲಿವೆಯೇ ಎಂದು ಪರಿಶೀಲಿಸಿಕೊಳ್ಳುವುದು ದಾವಣಗೆರೆ ಮತ್ತು ಹರಿಹರದ ಪ್ರತಿಯೊಬ್ಬ ಸಣ್ಣ ಉತ್ಪಾದಕನಿಗೂ ಲಾಭಕರ.